ಎಲೆಯೊಳಗಿನ ನೀರನ್ನು ಆಕಾಶದಿಂದ ಅಳೆಯುವುದು

ಹೊಲವು ಹಸುರಾಗಿದ್ದ ಮಾತ್ರಕ್ಕೆ ಬೆಳೆಯು ಸುಖವಾಗಿದೆಯೆಂದು ಹೇಳಲಾಗದು. ಮಳೆಯು ನಿಂತುಹೋದಾಗ ರಾಗಿ ಜೋಳಗಳು ಕೆಲವು ದಿನ ಬಣ್ಣಗೆಡದೆ ನಿಂತಿರುವುವು. ಆದರೆ ಎಲೆಯೊಳಗಿನ ನೀರು ಇಳಿಯುತ್ತ ಬರುವುದು, ತೆನೆಯಲ್ಲಿ ಕಾಳು ಕಟ್ಟದು. 2023ನೆಯ ಇಸವಿಯಲ್ಲಿ ಮುಂಗಾರು ಕೈಕೊಟ್ಟು, ಕರ್ನಾಟಕ ಸರ್ಕಾರವು ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನೂ, ಮುಂದೆ ಒಟ್ಟು 236ರಲ್ಲಿ 223 ತಾಲ್ಲೂಕುಗಳನ್ನೂ ಬರಪೀಡಿತವೆಂದು ಸಾರಿತು. ‘ಹಸಿರು ಬರ’ ಎಂಬ ಮಾತು ಆಗ ಕೇಳಿಬಂದುದನ್ನು ವಾಚಕರು ಬಲ್ಲರು. ನೋಡುವ ಕಣ್ಣಿಗೆ ಹಸುರು, ಕಣಕ್ಕೆ ಬರುವುದು ಬರಿಯ ಹುಲ್ಲು. ಇಂತಹ ಬರವನ್ನು ದೂರದಿಂದ ಬಂದವರಿಗೆ ತೋರಿಸಿಕೊಡುವುದು ಕಷ್ಟ. ತೋರಿಸದಿದ್ದರೆ ಪರಿಹಾರವೂ ದೊರೆಯದು. ಆದುದರಿಂದ ಬಣ್ಣವನ್ನಲ್ಲದೆ ನೀರನ್ನೇ ಅಳೆಯುವ ಉಪಾಯವೊಂದು ಬೇಕಾಗಿದೆ. ಉಪಗ್ರಹಗಳು ಆ ಕೆಲಸವನ್ನು ಹೇಗೆ ಮಾಡುವುವೆಂಬುದನ್ನು ಈ ತಿಂಗಳು ವಿಚಾರಮಾಡೋಣ.

ಸೂರ್ಯನ ಬೆಳಕಿನಲ್ಲಿ ನಮಗೆ ಕಾಣುವ ಬಣ್ಣಗಳಲ್ಲದೆ, ಕೆಂಪಿನಿಂದಾಚೆಗೆ ಕಾಣದ ಕಿರಣಗಳೂ ಉಂಟು. ಇವೇ ಅವಕೆಂಪು ಕಿರಣಗಳು. ಎಲೆಯ ಹಸುರಿಗೆ ಕಾರಣವಾದ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುವುದು. ಕೆಂಪಿಗೆ ಸಮೀಪದ ಅವಕೆಂಪು ಕಿರಣಗಳನ್ನು ಎಲೆಯ ಒಳರಚನೆಯು ಬಹುಪಾಲು ಹಿಂದಕ್ಕೆ ಚೆಲ್ಲುವುದು. ಇವೆರಡನ್ನೂ ಹೋಲಿಸಿದರೆ ಹಸುರು ಎಷ್ಟೆಂಬುದು ತಿಳಿಯುವುದು. 1972ರಲ್ಲಿ ಅಮೆರಿಕದವರು ಹಾರಿಸಿದ ಮೊದಲನೆಯ ಲ್ಯಾಂಡ್‌ಸ್ಯಾಟ್ ಉಪಗ್ರಹದ ಕಾಲದಿಂದಲೂ ಈ ಕ್ರಮವು ರೂಢಿಯಲ್ಲಿದೆ. ನೀರು ಹೀರುವ ಕಿರಣಗಳಾದರೋ ಅವಕೆಂಪಿನಲ್ಲಿಯೇ ಇನ್ನೂ ಆಚೆಗಿನವು. ಅವುಗಳ ಅಲೆಯ ಉದ್ದ 1.2, 1.6 ಮೈಕ್ರಾನ್‌ಗಳ ಆಸುಪಾಸಿನಲ್ಲಿರುವುದು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ಕಿರಣಗಳಿಂದ ನೋಡಿದರೆ ನೀರು ತುಂಬಿದ ಎಲೆಯು ಮಂಕಾಗಿಯೂ ಬಾಡುತ್ತಿರುವ ಎಲೆಯು ಹೆಚ್ಚು ಬೆಳ್ಳಗೂ ತೋರುವುದು.

1996ರಲ್ಲಿ ಬೋ-ಕಾಯ್ ಗಾವ್ ಎಂಬ ವಿಜ್ಞಾನಿಯು ಇದರಿಂದ ಸುಲಭವಾದ ಲೆಕ್ಕವೊಂದನ್ನು ಕಟ್ಟಿಕೊಟ್ಟನು. ನೀರು ಅಷ್ಟಾಗಿ ಮುಟ್ಟದ 0.86 ಮೈಕ್ರಾನಿನ ಕಿರಣವು ಎಷ್ಟು ಹಿಂದಿರುಗಿತು, ನೀರು ಹೀರುವ 1.24 ಮೈಕ್ರಾನಿನ ಕಿರಣವು ಎಷ್ಟು ಹಿಂದಿರುಗಿತು ಎಂದು ನೋಡಿ, ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಬೇಕು. ಉದಾಹರಣೆಗೆ, ಮೊದಲನೆಯದು 50, ಎರಡನೆಯದು 30 ಎಂದಿಟ್ಟುಕೊಂಡರೆ, 20ನ್ನು 80ರಿಂದ ಭಾಗಿಸಿ 0.25 ಬರುವುದು. ಗಿಡವು ಒಣಗತೊಡಗಿ ಅವೇ ಅಳತೆಗಳು 45, 40 ಆದರೆ, ಲೆಕ್ಕವು 0.06ಕ್ಕೆ ಇಳಿಯುವುದು. ಬಿಸಿಲು ಹೆಚ್ಚಿದ ದಿನ ಎರಡು ಅಳತೆಗಳೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ, ಭಾಗಿಸುವಾಗ ಆ ಭೇದವು ಕಳೆದುಹೋಗುವುದು. ಈಗಿನ ಹಲವು ಉಪಗ್ರಹಗಳು 1.24ರ ಬದಲಿಗೆ 1.6 ಮೈಕ್ರಾನಿನ ಕಿರಣವನ್ನು ಬಳಸುತ್ತವೆ.

ಈ ಅಂಕೆಯು ನಿಜವಾಗಿ ನೀರನ್ನೇ ಹೇಳುತ್ತಿದೆಯೆಂಬುದಕ್ಕೆ ಪ್ರಮಾಣವೇನು? ಅದಕ್ಕೆ ನೆಲದ ಮೇಲೆಯೇ ಪರೀಕ್ಷೆಯಾಗಬೇಕು. ಎಲೆಗಳನ್ನು ಕೊಯ್ದು ತತ್‌ಕ್ಷಣ ತೂಗುವರು; ಬಿಸಿಯಾದ ಪೆಟ್ಟಿಗೆಯಲ್ಲಿಟ್ಟು ಚೆನ್ನಾಗಿ ಒಣಗಿಸಿ ಮರಳಿ ತೂಗುವರು. ಕಡಮೆಯಾದ ತೂಕವೇ ನೀರು. ಅದನ್ನು ಅದೇ ಹೊಲವನ್ನು ಕುರಿತ ಉಪಗ್ರಹದ ಅಂಕೆಯೊಡನೆ ತಾಳೆ ನೋಡುವರು.

ಇಂತಹ ಅಳತೆಯ ಬೆಲೆಯು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಂಡುಬಂದಿತು. ಅಲ್ಲಿ 2012ರಿಂದ 2015ರವರೆಗಿನ ಬರದಲ್ಲಿ ಗ್ರೆಗರಿ ಆಸ್ನರ್ ಮತ್ತು ಸಂಗಡಿಗರು ವಿಮಾನ, ಉಪಗ್ರಹ ಎರಡರ ನೆರವಿನಿಂದಲೂ ಕಾಡಿನ ಮರಗಳ ನೀರನ್ನು ಅಳೆದರು. 1 ಕೋಟಿ 6 ಲಕ್ಷ ಹೆಕ್ಟೇರಿನವರೆಗೆ ಮರಗಳು ನೀರು ಕಳೆದುಕೊಂಡಿದ್ದುವು; ಸುಮಾರು 5 ಕೋಟಿ 80 ಲಕ್ಷ ದೊಡ್ಡ ಮರಗಳಲ್ಲಿ ನಷ್ಟವು ನೂರಕ್ಕೆ ಮೂವತ್ತನ್ನು ಮೀರಿತ್ತು. 2010ರಿಂದೀಚೆಗೆ ಆ ರಾಜ್ಯದಲ್ಲಿ 10 ಕೋಟಿ 20 ಲಕ್ಷಕ್ಕೂ ಹೆಚ್ಚು ಮರಗಳು ಸತ್ತುವೆಂದು ಅಲ್ಲಿನ ಅರಣ್ಯ ಇಲಾಖೆಯು 2016ರ ನವೆಂಬರಿನಲ್ಲಿ ತಿಳಿಸಿತು. ಒಣಗಿದ ಮರವು ಬೆಂಕಿಗೆ ಸೌದೆಯಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಈ ಕ್ರಮಕ್ಕೆ ಕೊರತೆಗಳೂ ಉಂಟು. ಮೋಡವು ಕವಿದರೆ ಈ ಕಿರಣಗಳು ಉಪಗ್ರಹವನ್ನು ಮುಟ್ಟವು. ನಮ್ಮ ಬೆಳೆಯಾದರೋ ಮೋಡದ ಕಾಲದ್ದೇ. ಮೋಡವನ್ನು ದಾಟಿ ಬರಬಲ್ಲವು ಭೂಮಿಯು ತಾನಾಗಿ ಹೊರಸೂಸುವ ಸುಮಾರು 21 ಸೆಂಟಿಮೀಟರ್ ಉದ್ದದ ಅಲೆಗಳು. ಗಿಡಗಳಲ್ಲಿ ನೀರು ಹೆಚ್ಚಿದಷ್ಟೂ ಮಣ್ಣಿನಿಂದ ಬರುವ ಈ ಅಲೆಗಳು ಹೆಚ್ಚು ತಡೆಯಲ್ಪಡುವುವು. 2009ರಲ್ಲಿ ಯೂರೋಪಿನವರು ಸ್ಮಾಸ್, 2015ರಲ್ಲಿ ಅಮೆರಿಕದವರು ಸ್ಮ್ಯಾಪ್ ಎಂಬ ಉಪಗ್ರಹಗಳನ್ನು ಈ ಅಲೆಗಳನ್ನು ಅರಿಯಲೆಂದೇ ಹಾರಿಸಿದರು. ಆದರೆ ಇವುಗಳ ನೋಟವು ಸುಮಾರು ನಲವತ್ತು ಕಿಲೋಮೀಟರ್ ಅಗಲದ್ದು. ಒಂದು ತಾಲ್ಲೂಕೇ ಒಂದು ಚುಕ್ಕೆಯಾಗುವುದು. ಅವಕೆಂಪಿನಿಂದ ನೀರನ್ನು ನೋಡುವ ಯೂರೋಪಿನ ಸೆಂಟಿನೆಲ್-2 ಉಪಗ್ರಹದ ಚುಕ್ಕೆಯು 20 ಮೀಟರ್ ಚೌಕ, ಎಂದರೆ ಸುಮಾರು ನಾಲ್ಕು ಗುಂಟೆ. ಅದರಲ್ಲಿಯೂ ಕೊಳವೆಬಾವಿಯ ತೋಟದ ಅಂಚು, ಮಳೆಯನ್ನೇ ನಂಬಿದ ರಾಗಿ, ಬರಿಯ ಮಣ್ಣು ಇವೆಲ್ಲ ಕಲೆತುಹೋಗಬಹುದು.

ಈ ಕಾರಣದಿಂದಲೇ ಭಾರತ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯು ಒಂದು ಸಾಕ್ಷಿಯನ್ನೇ ನೆಚ್ಚಿಲ್ಲ. ಮೊದಲು ಮಳೆಯ ಕೊರತೆ. ತರುವಾಯ ಬಿತ್ತನೆ, ಮಣ್ಣಿನ ತೇವ, ಕೆರೆ ಜಲಾಶಯಗಳ ಸ್ಥಿತಿಗಳೊಡನೆ ಉಪಗ್ರಹವು ಕೊಡುವ ಹಸುರಿನ ಮತ್ತು ನೀರಿನ ಸೂಚ್ಯಂಕಗಳು. ಕಡೆಗೆ ಆರಿಸಿದ ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ಮಾಡುವ ಪರೀಕ್ಷೆ. ಈ ಕಡೆಯ ಪರೀಕ್ಷೆಯಲ್ಲಿ ರೈತಕುಟುಂಬಗಳ ಪಾಲೂ ಇದೆ. ಬಿತ್ತಿದ ದಿನ, ಮಳೆ ಬಂದ ದಿನ, ತೆನೆ ಬಂದ ದಿನಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದಿಟ್ಟರೆ, ಅಧಿಕಾರಿಗಳು ಬಂದಾಗ ಅದು ನೆರವಾಗುವುದು. ಅವರು ಹೊಲದ ಬದುವಿನಲ್ಲಿ ನಿಂತು ಹಸುರನ್ನಷ್ಟೇ ನೋಡಿ ತಿರುಗುವ ಮುನ್ನ, ಒಂದು ತೆನೆಯನ್ನು ಕಿತ್ತು ಅವರ ಅಂಗೈಯಲ್ಲಿ ಉಜ್ಜಿ ತೋರಿಸುವುದನ್ನು ನಮ್ಮ ಗೃಹಸ್ಥರು ಮರೆಯಬಾರದು.