ಕಸದ ಡಬ್ಬಿಗೆ ಚೀಲ ಬೇಡ, ತೊಳೆಯುವ ಕೈ ಬೇಕು

ಗೋಕಾಕ, ಮೂಡಲಗಿ, ಹುಕ್ಕೇರಿ ಪಟ್ಟಣಗಳ ಕಿರಾಣಿ ಅಂಗಡಿಗಳಲ್ಲಿ ಈಗ ಶಾಂಪೂ ಪಾಕೀಟಿನ ಪಕ್ಕದಲ್ಲೇ ಕಪ್ಪು ಪ್ಲಾಸ್ಟಿಕ್ ಚೀಲದ ರೋಲ್ ಇಟ್ಟಿರುತ್ತಾರೆ. ದುಡ್ಡು ಕೊಟ್ಟು ಮನೆಗೆ ತಂದು, ಒಂದು ದಿನ ಕಸ ತುಂಬಿ, ಗಂಟು ಕಟ್ಟಿ ಎಸೆಯುವುದಕ್ಕೆಂದೇ ತಯಾರಾದ ವಸ್ತು ಇದು. ರೋಲ್ ಕೊಳ್ಳದವರು ಸಂತೆಯಿಂದ ಬಂದ ಕ್ಯಾರಿಬ್ಯಾಗನ್ನೇ ಡಬ್ಬಿಯ ಬಾಯಿಗೆ ಸಿಕ್ಕಿಸುತ್ತಾರೆ. ದಿನಕ್ಕೊಂದು ಚೀಲವೆಂದರೆ ಒಂದು ಮನೆಯಿಂದ ವರ್ಷಕ್ಕೆ 365. ಸಾವಿರ ಮನೆಗಳ ಊರಾದರೆ 3,65,000. ಇಷ್ಟೂ ಚೀಲ ಮಣ್ಣಿಗೋ, ಹಳ್ಳಕ್ಕೋ, ಎಮ್ಮೆಯ ಹೊಟ್ಟೆಗೋ ಹೋಗಲೇಬೇಕು.

ನಮ್ಮ ಅಜ್ಜಿಯರ ಕಾಲದಲ್ಲಿ ಈ ಚೀಲ ಇರಲಿಲ್ಲ. ಅವರು ಪರಿಸರವಾದಿಗಳಾಗಿದ್ದರು ಎಂದಲ್ಲ. ಅವರ ಮನೆಯಲ್ಲಿ ಕಸ ಹುಟ್ಟುವಾಗಲೇ ಬೇರೆ ಬೇರೆ ಆಗಿರುತ್ತಿತ್ತು. ತರಕಾರಿ ಸಿಪ್ಪೆ, ಉಳಿದ ಅನ್ನ, ಅಕ್ಕಿ ತೊಳೆದ ನೀರು ಮುಸರಿ ಬಾನಿಗೆ ಬಿದ್ದು ಎಮ್ಮೆಗೆ ಹೋಗುತ್ತಿತ್ತು. ಸೆಗಣಿ, ಬೂದಿ, ಉಡುಗಿದ ಕಸ ತಿಪ್ಪೆಗೆ ಹೋಗುತ್ತಿತ್ತು. ಉಳಿಯುತ್ತಿದ್ದದ್ದು ಒಡೆದ ಗಡಿಗೆ, ಹರಿದ ಅರಿವೆ. ಅರಿವೆಯೂ ಕೌದಿಗೆ ಸೇರುತ್ತಿತ್ತು.

ಇವತ್ತು ಗೋಕಾಕದ ಬಾಡಿಗೆ ಮನೆಯಲ್ಲಿ ಇರುವವರಿಗೆ ಎಮ್ಮೆಯೂ ಇಲ್ಲ, ಹಿತ್ತಲೂ ಇಲ್ಲ. ಹಾಲು ಪಾಕೀಟಿನಲ್ಲಿ ಬರುತ್ತದೆ, ಎಣ್ಣೆ ಪಾಕೀಟಿನಲ್ಲಿ ಬರುತ್ತದೆ, ಮಕ್ಕಳ ತಿಂಡಿಯೂ ಪಾಕೀಟಿನಲ್ಲೇ ಬರುತ್ತದೆ. ಹಿಂದಿನಂತೆ ಬದುಕಿ ಎಂದು ಅವರಿಗೆ ಹೇಳಿ ಪ್ರಯೋಜನವಿಲ್ಲ. ಆದರೆ ಹಿಂದಿನವರಿಂದ ಒಂದು ಮಾತು ಕಲಿಯಬಹುದು: ಹಸಿ ಕಸ ಮತ್ತು ಒಣ ಕಸ ಒಂದೇ ಡಬ್ಬಿಗೆ ಬಿದ್ದಾಗಲೇ ಚೀಲದ ಅಗತ್ಯ ಹುಟ್ಟುತ್ತದೆ. ಒಣ ಕಸ ನಾರುವುದಿಲ್ಲ, ಸೋರುವುದಿಲ್ಲ. ಹಸಿ ಕಸವನ್ನು ದಿನಾ ಖಾಲಿ ಮಾಡಿದರೆ ಅದೂ ಅಷ್ಟು ನಾರುವುದಿಲ್ಲ. ಎರಡನ್ನೂ ಕಲಸಿ ಮೂರು ದಿನ ಇಟ್ಟರೆ ಮಾತ್ರ ಅದರ ಬಾಯಿ ಕಟ್ಟಬೇಕಾಗುತ್ತದೆ.

ಕಾನೂನು ಈ ಮಾತನ್ನು ಹೇಳಿ ಹತ್ತು ವರ್ಷವಾಯಿತು. ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್‌ಗಳನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಪ್ರತಿ ಮನೆಯೂ ಕಸವನ್ನು ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಿ ಕೊಡಬೇಕು ಎಂದವು. ಮೊದಲನೆಯದರ ಹೆಸರಿನಲ್ಲಿ ಆಗಾಗ ಅಂಗಡಿಗಳ ಮೇಲೆ ದಾಳಿ ನಡೆಯುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಎರಡನೆಯದು ಅಡುಗೆಮನೆಯೊಳಗೆ ನಡೆಯಬೇಕಾದ ಕೆಲಸ, ಅಲ್ಲಿಗೆ ದಾಳಿ ಮಾಡಲು ಬರುವುದಿಲ್ಲ.

ಮೊದಲನೆಯದನ್ನಷ್ಟೇ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಸಿಕ್ಕಿದೆ. ಅಲ್ಲಿನ ಊರುಗಳು ಅಂಗಡಿಯ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ಮೇಲೆ ಮನೆಯ ಸಣ್ಣ ಕಸದ ಚೀಲಗಳ ಮಾರಾಟ ಶೇ 120ರಷ್ಟು ಏರಿತು ಎಂದು ಅರ್ಥಶಾಸ್ತ್ರಜ್ಞೆ ರೆಬೆಕ್ಕಾ ಟೇಲರ್ 2019ರ ಅಧ್ಯಯನದಲ್ಲಿ ತೋರಿಸಿದರು. ನಿಷೇಧದಿಂದ ಉಳಿದ ಪ್ಲಾಸ್ಟಿಕ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಸದ ಚೀಲದ ರೂಪದಲ್ಲಿ ವಾಪಸ್ ಬಂದಿತ್ತು. ಜನ ಮೊದಲು ಅಂಗಡಿಯ ಚೀಲವನ್ನೇ ಡಬ್ಬಿಗೆ ಹಾಕುತ್ತಿದ್ದರು. ಅದು ಸಿಗದಾದಾಗ ದಪ್ಪ ಚೀಲ ಕೊಂಡರು. "ಕ್ಯಾರಿಬ್ಯಾಗ ನಾವೇನ ಹಂಗ ಒಗಿಯೂದಿಲ್ರಿ, ಕಸಕ್ಕ ಬಳಸ್ತೀವಿ" ಎನ್ನುವ ನಮ್ಮವರ ಮಾತಿನಲ್ಲೂ ಇದೇ ಸತ್ಯವಿದೆ. ಅವರನ್ನು ಬೈದು ಫಲವಿಲ್ಲ. ಡಬ್ಬಿಯ ಸಮಸ್ಯೆ ಬಗೆಹರಿಯುವ ತನಕ ಚೀಲ ಒಂದಿಲ್ಲೊಂದು ಬಾಗಿಲಿನಿಂದ ಒಳಗೆ ಬರುತ್ತದೆ.

ಹಾಗಾದರೆ ಗಂಟು ಕಟ್ಟಿದ ಆ ಚೀಲ ಮುಂದೆ ಎಲ್ಲಿಗೆ ಹೋಗುತ್ತದೆ? ನಿಯಮದಂತೆ ಕೆಲಸ ನಡೆದರೆ ಅದನ್ನು ಪೌರಕಾರ್ಮಿಕರೊಬ್ಬರು ಬಿಚ್ಚಬೇಕು. ಒಳಗೆ ಕೊಳೆತ ಸಾರು, ಒಡೆದ ಗಾಜು, ಮಗುವಿನ ಡೈಪರ್, ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಸೂಜಿ ಎಲ್ಲ ಒಟ್ಟಿಗೆ ಇರುತ್ತವೆ. ಕೈ ಹಾಕುವವರಿಗೆ ಒಳಗೇನಿದೆ ಎಂದು ಕಾಣುವುದಿಲ್ಲ, ಕಪ್ಪು ಬಣ್ಣ ಇರುವುದೇ ಕಾಣದಿರಲಿ ಎಂದು. ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಅವರಲ್ಲೂ ಹೆಚ್ಚಿನವರು ಹೆಣ್ಣುಮಕ್ಕಳು ಎಂಬುದನ್ನು ಬಿಟ್ಟು ಕಸದ ಮಾತಾಡಲು ಆಗುವುದಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸಿ ಶಾಲು ಹೊದಿಸುತ್ತೇವೆ. ಮರುದಿನ ಬೆಳಿಗ್ಗೆ ಅದೇ ಗಂಟನ್ನು ಕೈಗೆ ಕೊಡುತ್ತೇವೆ.

ನಿಯಮದಂತೆ ನಡೆಯದಿದ್ದರೆ ಚೀಲ ಬಯಲಿಗೆ ಬೀಳುತ್ತದೆ. ಒಳಗಿನ ಅನ್ನದ ವಾಸನೆಗೆ ಬಂದ ಆಕಳು ಗಂಟು ಬಿಚ್ಚಿ ತಿನ್ನಲಾರದು, ಚೀಲ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಅದರ ಮೊದಲ ಹೊಟ್ಟೆಯಲ್ಲಿ ಮುದ್ದೆಗಟ್ಟಿ ಕೂರುತ್ತದೆ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಆಮೇಲೆ ಹೊಟ್ಟೆ ಕೊಯ್ದು ತೆಗೆಯುವುದೊಂದೇ ದಾರಿ. ಬರಿ ಅನ್ನ, ಸಿಪ್ಪೆ ಬಿದ್ದಿದ್ದರೆ ಆ ಆಕಳಿಗೆ ಇಷ್ಟು ಅಪಾಯ ಇರುತ್ತಿರಲಿಲ್ಲ.

ಮೂರೂ ತಾಲೂಕುಗಳನ್ನು ಕಟ್ಟಿಹಾಕಿರುವ ಘಟಪ್ರಭಾ ಕೂಡ ಇದರ ಪಾಲುದಾರಳು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಇಳಿದ ನೀರು ಧುಪದಾಳದಲ್ಲಿ ಕಾಲುವೆಗೆ ತಿರುಗುತ್ತದೆ, ಗೋಕಾಕ ಫಾಲ್ಸ್‌ನಲ್ಲಿ ಧುಮುಕುತ್ತದೆ, ಮುಂದೆ ಮೂಡಲಗಿ ತಾಲೂಕಿನ ಹೊಲಗಳಿಗೂ ಹರಿಯುತ್ತದೆ. ಮೇಲಿನ ಊರು ಹಳ್ಳಕ್ಕೆ ಎಸೆದ ಚೀಲ ಕೆಳಗಿನ ಊರಿನ ಕಾಲುವೆ ತೂಬಿಗೆ ಸಿಕ್ಕಿಕೊಳ್ಳುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕದ ತಗ್ಗು ಪ್ರದೇಶಗಳು ಮುಳುಗಿದ್ದನ್ನು ಯಾರೂ ಮರೆತಿಲ್ಲ. ಆ ಮಹಾಪೂರಕ್ಕೆ ಪ್ಲಾಸ್ಟಿಕ್ ಕಾರಣವಲ್ಲ. ಆದರೆ ದೊಡ್ಡ ಮಳೆ ಬಂದಾಗ ಗಟಾರ ಕಟ್ಟಿಕೊಂಡಿದ್ದರೆ ಓಣಿಯ ನೀರು ಹೋಗಲು ದಾರಿ ಇರುವುದಿಲ್ಲ, ಅದು ಎಲ್ಲರಿಗೂ ಗೊತ್ತು.

ದಾರಿ ಏನು? ಹೊಸದಾಗಿ ಹುಡುಕಬೇಕಿಲ್ಲ. ಬೆಂಗಳೂರಿನಲ್ಲಿ ನಾಗರಿಕ ಗುಂಪುಗಳು ರೂಪಿಸಿದ "ಎರಡು ಡಬ್ಬಿ, ಒಂದು ಚೀಲ" ಪದ್ಧತಿಯನ್ನು ಪಾಲಿಸುವಂತೆ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶಿಸಿತು. ಹಸಿರು ಡಬ್ಬಿ ಹಸಿ ಕಸಕ್ಕೆ, ಕೆಂಪು ಡಬ್ಬಿ ಡೈಪರ್, ಪ್ಯಾಡ್‌ನಂಥ ಕಸಕ್ಕೆ, ಮತ್ತೆ ಮತ್ತೆ ಬಳಸುವ ಒಂದು ಚೀಲ ಒಣ ಕಸಕ್ಕೆ. ಹಸಿ ಕಸದ ಡಬ್ಬಿಗೆ ಪ್ಲಾಸ್ಟಿಕ್ ಹಾಕುವಂತಿಲ್ಲ, ಗಾಡಿಗೆ ನೇರವಾಗಿ ಸುರಿಯಬೇಕು. ಬೆಂಗಳೂರು ಇದನ್ನು ಪೂರ್ತಿ ಪಾಲಿಸಿದೆ ಎಂದು ಯಾರೂ ಹೇಳಲಾರರು. ಆದರೆ ಪದ್ಧತಿ ಸರಳವಾಗಿದೆ, ನಮ್ಮ ಕಡೆ ಬೇಕಾದ ಸಾಮಾನೆಲ್ಲ ಮನೆಯಲ್ಲೇ ಇದೆ.

ಹಸಿ ಕಸಕ್ಕೆ ಮುಚ್ಚಳ ಇರುವ ಸಣ್ಣ ಬಕೆಟ್ ಸಾಕು. ದೊಡ್ಡದು ಬೇಡ, ದೊಡ್ಡದಿದ್ದರೆ ತುಂಬುವ ತನಕ ಕಾಯುವ ಆಸೆ ಹುಟ್ಟುತ್ತದೆ. ನಾರುವುದಕ್ಕೆ ಮುಖ್ಯ ಕಾರಣ ನೀರು. ಅನ್ನ, ಸಾರಿನ ಉಳಿಕೆಯನ್ನು ಜಾಲರಿಯಲ್ಲಿ ಸೋಸಿ ಹಾಕಿ. ಬಕೆಟ್ ತಳಕ್ಕೆ ಹಳೆಯ ಪತ್ರಿಕೆಯ ಎರಡು ಹಾಳೆ ಹಾಸಿ. ಹಳ್ಳಿಯವರಿಗೆ ಪತ್ರಿಕೆಗಿಂತ ಒಳ್ಳೆಯದು ಇದೆ: ಕಬ್ಬಿನ ರವದಿ. ಹೊಲದಲ್ಲಿ ಸುಟ್ಟು ಬೂದಿ ಮಾಡುವ ಅದೇ ರವದಿಯನ್ನು ಒಂದು ಹಿಡಿ ತಳಕ್ಕೆ, ಒಂದು ಹಿಡಿ ಮೇಲೆ ಹಾಕಿದರೆ ಹಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ಕಸದ ಜೊತೆಗೇ ಗೊಬ್ಬರವಾಗುತ್ತದೆ. ಖಾಲಿ ಮಾಡಿದ ಬಕೆಟ್‌ಗೆ ಒಂದು ತಂಬಿಗೆ ನೀರು ಹಾಕಿ ಕಲಕಿ ಗಿಡದ ಬುಡಕ್ಕೆ ಸುರಿದು, ಬಿಸಿಲಿಗೆ ಬೋರಲು ಹಾಕಿ.

ಒಣ ಕಸಕ್ಕೆ ಯೂರಿಯಾ ಚೀಲವೇ ಸಾಕು. 45 ಕೆ.ಜಿ. ಗೊಬ್ಬರ ತಡೆದ ಚೀಲಕ್ಕೆ ಹಾಲಿನ ಪಾಕೀಟು ಯಾವ ಭಾರ? ಆದರೆ ಮೂರು ಎಚ್ಚರ ಬೇಕು. ಚೀಲವನ್ನು ಕಾಲುವೆಯಲ್ಲಿ ತೊಳೆಯಬೇಡಿ. ಅದರಲ್ಲಿ ದನದ ಹಿಂಡಿ, ಮೇವು ತುಂಬಬೇಡಿ. ಬಿಸಿಲಿಗೆ ನೇತುಹಾಕಬೇಡಿ, ಬಿಸಿಲಿಗೆ ಅದರ ಎಳೆ ಪುಡಿಯಾಗಿ ಉದುರುತ್ತದೆ, ಅದೂ ಪ್ಲಾಸ್ಟಿಕ್ಕೇ. ಔಷಧಿ ಸಿಂಪಡಿಸುವ ಬಾಟಲಿಗಳನ್ನಂತೂ ಮನೆಯ ಕಸದ ಹತ್ತಿರ ತರಲೇಬಾರದು. ಗೊಬ್ಬರದ ಚೀಲ ಇಲ್ಲದ ಪಟ್ಟಣದವರು ಹಳೆಯ ಸೀರೆಯಲ್ಲಿ ಎರಡು ಚೀಲ ಹೊಲಿಸಿಕೊಳ್ಳಲಿ, ಒಂದು ಒಗೆಯುವಾಗ ಇನ್ನೊಂದಕ್ಕೆ ಕೆಲಸ. ಹಾಲಿನ ಪಾಕೀಟನ್ನು ತೊಳೆದು ಆರಿಸಿ ಹಾಕಿದರೆ ಚೀಲ ನಾರುವುದಿಲ್ಲ.

ಇದಕ್ಕಾಗಿ ಅಂಗಡಿಗೆ ಹೋಗಿ ಚೆಂದದ ಹತ್ತಿ ಚೀಲ ಕೊಳ್ಳಬೇಡಿ. ಹತ್ತಿ ಬೆಳೆಯಲು ನೀರು, ಗೊಬ್ಬರ, ಔಷಧಿ ಎಲ್ಲ ಬೇಕು. ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಮಾಡಿಸಿದ ಲೆಕ್ಕದ ಪ್ರಕಾರ, ಹೊಸ ಹತ್ತಿ ಚೀಲವೊಂದು ಪ್ಲಾಸ್ಟಿಕ್ ಚೀಲಕ್ಕಿಂತ ಹಗುರವೆನಿಸಬೇಕಾದರೆ ಹವಾಮಾನದ ದೃಷ್ಟಿಯಿಂದ 52 ಸಲ, ಎಲ್ಲ ಪರಿಸರ ಮಾನದಂಡಗಳನ್ನೂ ಹಿಡಿದರೆ 7,100 ಸಲ ಬಳಸಬೇಕು. ಉಟ್ಟು ಹಳತಾದ ಸೀರೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅದರ ಸಾಲ ತೀರಿ ಎಷ್ಟೋ ವರ್ಷವಾಗಿರುತ್ತದೆ.

"ಕೊಳೆಯುವ ಪ್ಲಾಸ್ಟಿಕ್" ಎಂದು ಬರೆದ ಹಸಿರು ಚೀಲಗಳ ಬಗ್ಗೆಯೂ ಹುಷಾರಾಗಿರಿ. ನಿಜವಾದ ಕಾಂಪೋಸ್ಟಬಲ್ ಚೀಲಕ್ಕೆ ಐಎಸ್ 17088 ಗುರುತು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಇದ್ದರೂ ಅದು ಕರಗುವುದು ದೊಡ್ಡ ಗೊಬ್ಬರ ಘಟಕದ ಬಿಸಿಯಲ್ಲಿ. ಗಟಾರದಲ್ಲಿ, ಕಾಲುವೆಯಲ್ಲಿ ಅಲ್ಲ.

ಪ್ಯಾಡ್, ಡೈಪರ್ ವಿಷಯದಲ್ಲಿ ಬರಿ ಡಬ್ಬಿ ಸಾಲದು ಎಂಬುದನ್ನು ಒಪ್ಪಿಕೊಳ್ಳೋಣ. ನಿಯಮವೇ ಅದನ್ನು ಸುತ್ತಿ ಕೊಡಿ ಎನ್ನುತ್ತದೆ. ಎರಡು ಪದರ ಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕಿದರೆ ತೆಗೆದುಕೊಳ್ಳುವವರಿಗೆ ಬಿಚ್ಚಬಾರದೆಂದು ತಿಳಿಯುತ್ತದೆ. ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು ದಿನಕ್ಕೊಂದು ಚೀಲ ಬಳಸಬೇಕಾಗಿ ಬಂದರೆ ಅದಕ್ಕೆ ನಾಚಬೇಕಿಲ್ಲ. ಸೂಜಿಗಳನ್ನು ಮಾತ್ರ ಗಟ್ಟಿ ಬಾಟಲಿಯಲ್ಲಿ ತುಂಬಿ ಮುಚ್ಚಳ ಬಿಗಿದು ಬೇರೆಯಾಗಿಯೇ ಕೊಡಿ.

ಇಷ್ಟೆಲ್ಲ ಓದಿದ ಮೇಲೆ ಮನೆಯ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಒಂದಿದೆ: "ಬಕೀಟ ತೊಳಿಯಾವ್ರು ಯಾರ?" ಪರಿಸರ ಲೇಖನಗಳು ಸಾಮಾನ್ಯವಾಗಿ ಉತ್ತರಿಸದೆ ಬಿಡುವ ಪ್ರಶ್ನೆ ಇದು. ಕಪ್ಪು ಚೀಲ ಬಂದಿದ್ದೇ ಆ ಕೆಲಸ ತಪ್ಪಿಸಲು. ಪಾತ್ರೆ ತೊಳೆದು, ಒಲೆ ಒರೆಸಿ, ಬಟ್ಟೆ ಒಗೆದವಳಿಗೆ ಇನ್ನೊಂದು ಡಬ್ಬಿ ತೊಳಿ ಎಂದರೆ ಅವಳು ಚೀಲದ ರೋಲ್ ತಂದಿಟ್ಟುಕೊಳ್ಳುವುದರಲ್ಲಿ ತಪ್ಪೇನಿದೆ? ಆದರೆ ಚೀಲ ಆ ಕೆಲಸವನ್ನು ಇಲ್ಲವಾಗಿಸಲಿಲ್ಲ. ಮನೆಯ ಹೆಣ್ಣುಮಗಳ ಕೈಯಿಂದ ತೆಗೆದು ಬೀದಿಯ ಹೆಣ್ಣುಮಗಳ ಕೈಗೆ ಇಟ್ಟಿತು. ನಡುವೆ ಮನೆಯ ಗಂಡಸು ಮಾತ್ರ ಎರಡೂ ಕಾಲದಲ್ಲಿ ಆರಾಮಾಗಿ ಕುಳಿತಿದ್ದಾನೆ. ಆದ್ದರಿಂದ ನನ್ನ ಸಲಹೆ ನೇರವಾಗಿದೆ: ಕಸದ ಬಕೆಟ್ ಗಾಡಿಗೆ ಒಯ್ಯುವುದು, ತೊಳೆದು ಬೋರಲು ಹಾಕುವುದು ಮನೆಯ ಗಂಡಸರ ಕೆಲಸವಾಗಲಿ. ಎರಡು ನಿಮಿಷದ ಕೆಲಸ. ತಾನು ತಿಂದದ್ದರ ಉಳಿಕೆ ತನ್ನ ಕೈಗೆ ತಾಗಿದರೆ ಎಷ್ಟು ಚೆಲ್ಲುತ್ತಿದ್ದೇವೆ ಎಂಬುದೂ ಕಾಣುತ್ತದೆ.

ನಗರಸಭೆ, ಪುರಸಭೆ, ಪಂಚಾಯಿತಿಗಳ ಪಾಲೂ ಇದೆ. ಗಾಡಿ ಮೂರು ದಿನಕ್ಕೊಮ್ಮೆ ಬಂದರೆ ಚೀಲ ಬಿಡಿ ಎಂದು ಹೇಳುವ ಹಕ್ಕು ಅವರಿಗಿಲ್ಲ. ಹಸಿ ಕಸದ ಗಾಡಿ ದಿನಾ, ಗೊತ್ತಾದ ವೇಳೆಗೆ ಬರಬೇಕು. "ನಾ ಬ್ಯಾರೆ ಮಾಡಿ ಕೊಟ್ರ ಗಾಡ್ಯಾಗ ಕೂಡಸ್ತಾರ, ಯಾಕ ಮಾಡ್ಬೇಕ್ರಿ?" ಎನ್ನುವವರಿಗೆ ಉತ್ತರ, ಗಾಡಿಯಲ್ಲಿ ಕಣ್ಣಿಗೆ ಕಾಣುವ ಎರಡು ಬೇರೆ ಖಾನೆಗಳು. ಗ್ರಾಮ ಪಂಚಾಯಿತಿಗಳಿಗೆ ಸ್ವಚ್ಛ ವಾಹಿನಿ ಗಾಡಿ, ಸ್ವಚ್ಛ ಸಂಕೀರ್ಣಗಳು ಬಂದಿವೆ, ಹಲವೆಡೆ ಸ್ವಸಹಾಯ ಸಂಘದ ಮಹಿಳೆಯರೇ ಗಾಡಿ ಓಡಿಸುತ್ತಾರೆ. ಅದೇ ಸಂಘಗಳಿಗೆ ಹಳೆಯ ಸೀರೆಯ ಕಸದ ಚೀಲ ಹೊಲಿಯುವ ಕೆಲಸ ಕೊಟ್ಟು ಮನೆಗೆರಡರಂತೆ ಹಂಚಬಹುದು. ಮಂಗಲ ಕಾರ್ಯಾಲಯಗಳು ಊಟದ ಎಲೆಯನ್ನು ಪ್ಲಾಸ್ಟಿಕ್ ಲೋಟದ ಜೊತೆ ಗಂಟು ಕಟ್ಟಿ ಕೊಟ್ಟರೆ ತೆಗೆದುಕೊಳ್ಳದೆ ವಾಪಸ್ ಕಳಿಸುವ ಧೈರ್ಯವೂ ಬೇಕು. ಸಾಮಾನ್ಯ ಮನೆಗೆ ದಂಡ ಹಾಕುವ ಮೊದಲು ಅಲ್ಲಿಂದ ಶುರುವಾಗಲಿ.

ನಿಮ್ಮ ವಾರ್ಡಿನಲ್ಲಿ, ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಹಸಿ ಕಸದ ಗಾಡಿ ದಿನಾ ಎಷ್ಟು ಗಂಟೆಗೆ ಬರುತ್ತದೆ? ಅದರಲ್ಲಿ ಖಾನೆ ಎಷ್ಟು? ಇಳಿಸಿದ ಮೇಲೆ ಹಸಿ ಕಸ ಎಲ್ಲಿ ಗೊಬ್ಬರವಾಗುತ್ತದೆ? ಉತ್ತರ ಬರುವ ತನಕ ಕಾಯಬೇಕಿಲ್ಲ. ಮನೆಯಲ್ಲಿರುವ ರೋಲ್ ಮುಗಿದ ಮೇಲೆ ಹೊಸದು ತರಬೇಡಿ, ಬಕೆಟ್ಟಿಗೆ ಒಂದು ಹಿಡಿ ರವದಿ ಹಾಕಿ.