ಆ ರಾತ್ರಿ ಅವನನ್ನು ಹೊರಗೆ ಹಾಕಬೇಡಿ



ಬುಕ್ಕಾಂಬುಧಿ ಸುತ್ತಿನ ಹಳ್ಳಿಗಳ ಮಕ್ಕಳು ಓದಿಗಾಗಿ ಅಜ್ಜಂಪುರ, ತರೀಕೆರೆ, ಕಡೂರಿನ ಬಸ್ಸು ಹತ್ತುತ್ತಾರೆ. ಇನ್ನೂ ಮುಂದೆ ಓದುವವರು ಶಿವಮೊಗ್ಗ, ದಾವಣಗೆರೆ, ಬೆಂಗಳೂರು ಸೇರುತ್ತಾರೆ. ಅಡಿಕೆ ಮಾರಿದ ದುಡ್ಡಿನಲ್ಲೋ ಸಾಲ ಮಾಡಿಯೋ ಶುಲ್ಕ ಕಟ್ಟಿದ ತಂದೆ ವಾರಕ್ಕೊಮ್ಮೆ ಫೋನು ಮಾಡಿ ಅಂಕ ಎಷ್ಟು ಬಂತು ಎಂದು ಕೇಳುತ್ತಾನೆ. ನಿದ್ದೆ ಬರುತ್ತದೆಯೇ, ಸಂಜೆ ಯಾರ ಜೊತೆ ಇರುತ್ತೀಯ ಎಂದು ಕೇಳುವ ರೂಢಿ ನಮ್ಮ ಮನೆಗಳಲ್ಲಿ ಕಡಿಮೆ. ಹುಡುಗ ಕುಡಿಯುತ್ತಾನೆಂಬ ಸುದ್ದಿ ಊರಿಗೆ ಮುಟ್ಟುವಾಗ ಅದು ಮಾನದ ಪ್ರಶ್ನೆಯಾಗಿ ಮುಟ್ಟುತ್ತದೆ, ಪ್ರಾಣದ ಪ್ರಶ್ನೆಯಾಗಿ ಅಲ್ಲ.

ಅದು ಪ್ರಾಣದ ಪ್ರಶ್ನೆಯೂ ಹೌದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಇಂಥ ಲೆಕ್ಕದಲ್ಲಿ ಪರೀಕ್ಷೆ, ಪ್ರೇಮ, ಮನೆಯ ಜಗಳ ಎಂದು ಕಾರಣ ಬರೆಯುತ್ತಾರೆ. ಒಂದು ಸಾವಿಗೆ ಒಂದೇ ಕಾರಣ ಇರುವುದು ಅಪರೂಪ. ಬರೆದ ಕಾರಣದ ಹಿಂದೆ ಎಷ್ಟೋ ಸಲ ಮದ್ಯ ಕೂತಿರುತ್ತದೆ.

ಮದ್ಯ ಕುಡಿದವನಿಗೆ ಮೊದಲು ಹಗುರವೆನಿಸುತ್ತದೆ. ಆದರೆ ಅದು ಮಿದುಳನ್ನು ಕುಗ್ಗಿಸುವ ವಸ್ತು. ಅಮಲು ಇಳಿಯುವಾಗ ದುಃಖ ಮೊದಲಿಗಿಂತ ಭಾರವಾಗಿ ಮರಳುತ್ತದೆ, ನಿದ್ದೆ ಕೆಡುತ್ತದೆ. ಅಮಲಿನಲ್ಲಿ ತಡೆದು ಯೋಚಿಸುವ ಶಕ್ತಿ ಸಡಿಲವಾಗುತ್ತದೆ. ಬೆಳಿಗ್ಗೆ ಹೊಳೆಯಬಹುದಾದ ಹತ್ತು ದಾರಿಗಳು ಆ ಗಳಿಗೆಯಲ್ಲಿ ಕಾಣುವುದಿಲ್ಲ. ಬಹಳ ಯುವಕರಲ್ಲಿ ಸಾಯುವ ಯೋಚನೆ ಬಂದು ಹೋಗುವಂಥದ್ದು. ಅದು ಬಂದ ಹೊತ್ತಿಗೂ ಅತಿಯಾಗಿ ಕುಡಿದ ಹೊತ್ತಿಗೂ ತಾಳೆಯಾದರೆ ಅಪಾಯ. ಕುಡಿದವರೆಲ್ಲ ಅತ್ತ ಹೋಗುತ್ತಾರೆಂದಲ್ಲ. ಆದರೆ ನೋವಿನಲ್ಲಿರುವ ಹುಡುಗ, ಹೌದು, ಹುಡುಗಿಯೂ, ಮರೆಯಲೆಂದು ಕುಡಿಯತೊಡಗಿದರೆ ಅದನ್ನು ಬರೀ ಷೋಕಿ ಎಂದು ತಳ್ಳಿಹಾಕಬಾರದು.

ಇಲ್ಲಿ ನಮ್ಮ ಚಳವಳಿ ತನ್ನನ್ನೇ ಕೇಳಿಕೊಳ್ಳಬೇಕಾದ ಮಾತಿದೆ. ನಾವು ವ್ಯಸನದ ವಿರುದ್ಧ ಭಾಷಣ ಮಾಡುತ್ತೇವೆ. ಎದುರಿಗೆ ಕುಳಿತವನು ಕುಡುಕನಾದರೆ ಆ ಭಾಷಣ ಅವನಿಗೆ ಬೈಗುಳವಾಗಿ ಕೇಳುತ್ತದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಹಿಡಿದ ದಾರಿ ಬೇರೆ. ಭುಜಕ್ಕೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ 'ನಿಮ್ಮ ದುಶ್ಚಟ ನನಗೆ ಭಿಕ್ಷೆ ಹಾಕಿ' ಎಂದು ಬೇಡಿದರು. ಬೇಡುವವನು ಕೆಳಗೆ ನಿಲ್ಲುತ್ತಾನೆ, ಕೊಡುವವನು ಮೇಲೆ. ಕುಡಿಯುವವನನ್ನು ದಾನಿಯಾಗಿಸಿದ ಆ ಬುದ್ಧಿಯನ್ನು ನಾವು ಎಷ್ಟು ಕಲಿತಿದ್ದೇವೆ? ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮೆರವಣಿಗೆ ಆಗುತ್ತದೆ, ಪ್ರತಿಜ್ಞೆ ಆಗುತ್ತದೆ, ಮರುದಿನ ಎಲ್ಲ ಮೊದಲಿನಂತೆ. ಹೆಂಡ ಮಾರುತ್ತಿದ್ದ ಮಾರಯ್ಯನೂ ಶರಣರ ಸಾಲಿನಲ್ಲಿ ವಚನಕಾರನಾದ. ಅವನನ್ನು ಬಾಗಿಲಲ್ಲೇ ತಡೆದಿದ್ದರೆ ಆ ವಚನಗಳು ನಮಗೆ ಸಿಗುತ್ತಿರಲಿಲ್ಲ.

ಮಠಗಳ ಪ್ರಸಾದ ನಿಲಯಗಳನ್ನು ನೆನೆದೇ ಇದನ್ನು ಬರೆಯುತ್ತಿದ್ದೇವೆ. ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಆ ಮನೆಗಳಲ್ಲಿ ಶಿಸ್ತು ಬೇಕು, ಕುಡಿತಕ್ಕೆ ಜಾಗ ಇರಕೂಡದು. ಆದರೆ ಕುಡಿದು ಬಂದ ಹುಡುಗನ ಪೆಟ್ಟಿಗೆಯನ್ನು ಆ ರಾತ್ರಿಯೇ ಹೊರಗಿಟ್ಟು, ತಂದೆಗೆ ಫೋನು ಮಾಡಿ, ಗೇಟು ಮುಚ್ಚುವ ಶಿಸ್ತಿನ ಬಗ್ಗೆ ನಮ್ಮ ತಕರಾರಿದೆ. ಅಮಲು, ಅವಮಾನ, ಒಂಟಿತನ, ಮೂರೂ ಒಟ್ಟಿಗೆ ಇರುವ ಹೊತ್ತು ಅದು. ಆ ರಾತ್ರಿ ಒಬ್ಬರು ಜೊತೆಗಿರಲಿ. ಮಾತು ಬೆಳಿಗ್ಗೆ ಆಡೋಣ, ಶಿಕ್ಷೆ ಬೇಕಾದರೆ ಅದನ್ನೂ ಬೆಳಿಗ್ಗೆ ತೀರ್ಮಾನಿಸೋಣ. 'ಸಾಯಬೇಕು ಅನಿಸುತ್ತಿದೆಯೇನಪ್ಪಾ' ಎಂದು ನೇರವಾಗಿ ಕೇಳಲು ನಿಲಯಪಾಲಕರು ಅಂಜಬೇಕಿಲ್ಲ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ.

ಕಾನೂನಿನ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದೇ ಭಾವಿಸುತ್ತದೆ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವ ಹುಡುಗನೇ ಮಾಡಬೇಕೆಂದಿಲ್ಲ, ತಾಯಿಯೂ ಮಾಡಬಹುದು, ಗೆಳೆಯನೂ ಮಾಡಬಹುದು. ದಿನವೂ ಹೆಚ್ಚು ಕುಡಿಯುತ್ತಿದ್ದವನಿಂದ ಒಮ್ಮೆಲೇ ಬಿಡಿಸಲು ಹೋಗಬೇಡಿ, ನಡುಕ, ಫಿಟ್ಸ್ ಬರಬಹುದು. ವೈದ್ಯರ ನೆರವಿನಲ್ಲಿ ಬಿಡಿಸಿ. ರಜೆಗೆ ಮಗ ಊರಿಗೆ ಬಂದಾಗ ತೋಟದ ಔಷಧಿಗಳನ್ನು ಬೀಗ ಹಾಕಿಡಿ. ಇದು ಅಪನಂಬಿಕೆಯಲ್ಲ, ಬಾವಿಗೆ ಕಟ್ಟೆ ಕಟ್ಟಿದ ಹಾಗೆ.

ಬರುವ ಆಗಸ್ಟ್ 1ರ ಒಳಗೆ ನಮ್ಮ ಪ್ರತಿಯೊಂದು ಪ್ರಸಾದ ನಿಲಯದ ಊಟದ ಮನೆಯ ಗೋಡೆಯ ಮೇಲೆ 14416 ಎಂದು ದಪ್ಪ ಅಕ್ಷರದಲ್ಲಿ ಬರೆಸಬೇಕೆಂದು ಮಠಾಧೀಶರಲ್ಲಿ ಕೋರುತ್ತೇವೆ. ಒಂದು ಡಬ್ಬಿ ಬಣ್ಣ ಸಾಕು.