ಧೈರ್ಯ ಹೇಳಿದರೆ ಸಾಲದು

ಬಹುಕಾಲದ ಕಾಯಿಲೆಯವನಿಗೆ ಊರೆಲ್ಲ ಕೊಡುವ ಔಷಧ ಒಂದೇ: "ಧೈರ್ಯವಾಗಿರಪ್ಪ, ಎಲ್ಲಾ ಮನಸ್ಸಿನಲ್ಲಿದೆ." ಇದು ಖರ್ಚಿಲ್ಲದ ಔಷಧ. ಆದ್ದರಿಂದಲೇ ಎಲ್ಲರೂ ಧಾರಾಳವಾಗಿ ಹಂಚುತ್ತಾರೆ. ಈ ಮಾತಿನಲ್ಲಿ ಸತ್ಯವೆಷ್ಟು, ನುಣುಚಿಕೊಳ್ಳುವ ಜಾಣತನವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಸಂಧಿವಾತವನ್ನೇ ತೆಗೆದುಕೊಳ್ಳೋಣ. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವಲ್ಲ. ವೈದ್ಯರು ರುಮಟಾಯ್ಡ್ ಎಂದು ಕರೆಯುವ ಬಗೆ. ರೋಗಾಣುಗಳನ್ನು ತಡೆಯಬೇಕಾದ ದೇಹದ ಕಾವಲುಪಡೆಯೇ ತಿರುಗಿ ತನ್ನ ಕೀಲುಗಳ ಮೇಲೆ ಬೀಳುವುದು ಇದರ ಗುಣ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಲಾಗದಷ್ಟು ಬಿಗಿತ. ಹೊತ್ತು ಏರಿದಂತೆ ಸಡಿಲ. ಮೊದಲ ಪಾಳಿಯಲ್ಲಿ ನೂಲಿಗೆ ಗಂಟು ಹಾಕಲಾರದವಳು ಮಧ್ಯಾಹ್ನ ಕೈಯಾಡಿಸುವುದನ್ನು ಕಂಡರೆ ಮೇಸ್ತ್ರಿ ಕಳ್ಳಾಟವೆನ್ನುತ್ತಾನೆ. ತಕ್ಕಡಿ ಎತ್ತಲಾರದ ಅಂಗಡಿಕಾರನಿಗೆ ಮೇಸ್ತ್ರಿಯ ಕಾಟವಿಲ್ಲ, ನಿಜ. ಆದರೆ ಪಕ್ಕದ ಅಂಗಡಿಗೆ ನಡೆದುಬಿಡುವ ಗಿರಾಕಿಯಿದ್ದಾನೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಹೊವಾರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು 1980ರಲ್ಲಿ ಒಂದು ಸರಳ ವಿಚಾರವನ್ನು ಮುಂದಿಟ್ಟರು. ಪ್ರತಿಯೊಬ್ಬ ರೋಗಿಯೂ ತನ್ನ ಕಾಯಿಲೆಯ ಬಗ್ಗೆ ತನ್ನದೇ ಒಂದು ಸಿದ್ಧಾಂತ ಕಟ್ಟಿಕೊಳ್ಳುತ್ತಾನೆ. ಇದು ಯಾವ ರೋಗ? ಏಕೆ ಬಂತು? ಎಷ್ಟು ಕಾಲ ಇರುತ್ತದೆ? ನನ್ನ ಬಾಳನ್ನು ಏನು ಮಾಡುತ್ತದೆ? ಹತೋಟಿಗೆ ಬಂದೀತೆ? ಈ ಪ್ರಶ್ನೆಗಳಿಗೆ ಅವನು ಕೊಟ್ಟುಕೊಳ್ಳುವ ಉತ್ತರದಂತೆ ಅವನ ನಡೆ. 1996ರಲ್ಲಿ ಇವನ್ನು ಅಳೆಯುವ ಪ್ರಶ್ನಾವಳಿಯೂ ಸಿದ್ಧವಾಯಿತು. ಆ ಬಳಿಕ ಸಂಧಿವಾತ, ಲೂಪಸ್ ಮೊದಲಾದ ರೋಗಗಳವರಲ್ಲಿ ಪದೇ ಪದೇ ಕಂಡುಬಂದದ್ದು ಇಷ್ಟು: ರೋಗ ಬಾಳನ್ನೇ ನುಂಗಿತು, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಬಗೆದವರಲ್ಲಿ ಖಿನ್ನತೆಯೂ ದಣಿವೂ ಹೆಚ್ಚು, ಸ್ವಲ್ಪವಾದರೂ ಹತೋಟಿಯಿದೆಯೆಂದು ತಿಳಿದವರ ಬಾಳು ಅಷ್ಟರಮಟ್ಟಿಗೆ ಹಗುರ.

ಹಾಗಾದರೆ ಎಲ್ಲವೂ ಮನಸ್ಸಿನಲ್ಲೇ ಇದೆಯೆ? ಖಂಡಿತ ಇಲ್ಲ. ಹೆಚ್ಚು ನರಳುವವನು ಹೆಚ್ಚು ಕತ್ತಲನ್ನು ಕಾಣುವುದು ಸಹಜ. ಯಾವುದು ಕಾರಣ, ಯಾವುದು ಫಲ ಎಂದು ಸುಲಭವಾಗಿ ತೀರ್ಮಾನಿಸುವಂತಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೇಟ್ ಲೋರಿಗ್ ಕೀಲುರೋಗಿಗಳಿಗೆ ತಮ್ಮ ಆರೈಕೆಯನ್ನು ತಾವೇ ಮಾಡಿಕೊಳ್ಳುವ ಪಾಠ ಏರ್ಪಡಿಸಿದರು. ನಾಲ್ಕು ವರ್ಷಗಳ ನಂತರದ ಫಲಿತಾಂಶ 1993ರಲ್ಲಿ ಹೊರಬಂದಿತು. ನೋವು ಸರಾಸರಿ ನೂರಕ್ಕೆ 20ರಷ್ಟು, ವೈದ್ಯರ ಬಳಿ ಹೋಗುವುದು ನೂರಕ್ಕೆ 40ರಷ್ಟು ಇಳಿದಿತ್ತು. ಆದರೆ ಅದೇ ಅವಧಿಯಲ್ಲಿ ದೇಹದ ಅಶಕ್ತತೆ ನೂರಕ್ಕೆ 9ರಷ್ಟು ಏರಿತ್ತು! ತಿಳುವಳಿಕೆ ನೋವಿನ ಭಾರವನ್ನು ಇಳಿಸೀತು. ಸವೆದ ಕೀಲನ್ನು ಕಟ್ಟಿಕೊಡಲಾರದು. ಅದಕ್ಕೆ ಔಷಧ ಬೇಕು, ಅದೂ ಬೇಗನೆ ಬೇಕು.

ತಿಳುವಳಿಕೆ ಇಲ್ಲದಿದ್ದರೆ ಔಷಧವೂ ನಿಲ್ಲದು. ಈ ರೋಗಕ್ಕೆ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ದುಬಾರಿಯಲ್ಲ. ಆದರೆ ಗುಣ ಕಾಣಲು 6ರಿಂದ 12 ವಾರ ಹಿಡಿಯುತ್ತದೆ. ಇದನ್ನು ಯಾರೂ ತಿಳಿಸದಿದ್ದರೆ ರೋಗಿ ಎರಡನೆಯ ವಾರಕ್ಕೇ ಬಿಟ್ಟುಬಿಡುತ್ತಾನೆ. ವಾರಕ್ಕೊಮ್ಮೆ ನುಂಗಬೇಕಾದುದನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಇನ್ನೊಂದು ಕಡೆ, ಚೀಟಿಯಿಲ್ಲದೆ ಕೊಂಡ ಸ್ಟೀರಾಯ್ಡ್ ಗುಳಿಗೆ ಬಾವನ್ನು ಬೇಗ ಇಳಿಸುತ್ತದೆ. ನೋವು ಹೋಯಿತು, ರೋಗವೂ ಹೋಯಿತು ಎಂದು ಬಗೆದು ಅದನ್ನೇ ವರ್ಷಗಟ್ಟಲೆ ನುಂಗಿದವನ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ಇದು ರೋಗಿಯ ದಡ್ಡತನವೆ? ಐದು ನಿಮಿಷ ಕುಳಿತು ಅವನ ಭಾಷೆಯಲ್ಲಿ ವಿವರಿಸದ ವ್ಯವಸ್ಥೆಯ ಲೋಪವೆ?

ಏಕೆ ಬಂತು ಎಂಬ ಪ್ರಶ್ನೆಗೂ ಇದೇ ಗತಿ. ಪೂರ್ವಜನ್ಮದ ಕರ್ಮ, ತಣ್ಣೀರಿನ ಸ್ನಾನ, ಬದನೆಕಾಯಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ರೋಗದ ಮೂಲ ಒಂದೇ ಅಲ್ಲ. ಹುಟ್ಟಿನಿಂದ ಬಂದ ಒಲವೂ ಉಂಟು. ಬೀಡಿ ಸಿಗರೇಟು ಅಪಾಯವನ್ನು ಹೆಚ್ಚಿಸುವುದು ಸಿದ್ಧಪಟ್ಟ ಮಾತು. ಮಲೇಶಿಯದ ಹೆಂಗಸರನ್ನು ಕುರಿತು 2016ರಲ್ಲಿ ಅಚ್ಚಾದ ಒಂದು ಅಧ್ಯಯನ, ಬಟ್ಟೆ ಕೈಗಾರಿಕೆಯ ಧೂಳು ಕುಡಿದವರಲ್ಲಿ ಸಂಧಿವಾತದ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡಿತು. ಕರ್ಮವನ್ನು ದೂರುತ್ತ ಕುಳಿತ ಗಿರಣಿಯ ಹೆಂಗಸು ಆ ಧೂಳಿನ ಬಗ್ಗೆ ಪ್ರಶ್ನೆ ಕೇಳುವುದಿಲ್ಲ. ಆಕೆ ಕೇಳದಿರುವುದು ಯಾರಿಗೆ ಲಾಭವೆಂದು ಬೇರೆ ಹೇಳಬೇಕೆ?

ಹತೋಟಿ ನನ್ನ ಕೈಯಲ್ಲಿದೆ ಎಂಬ ಭಾವನೆ ಬರಿಯ ಉಪದೇಶದಿಂದ ಹುಟ್ಟುವುದಿಲ್ಲ. ಇ.ಎಸ್.ಐ. ಯೋಜನೆಯ ಸಾಮಾನ್ಯ ಕಾಯಿಲೆ ಭತ್ಯ ವರ್ಷಕ್ಕೆ 91 ದಿನ. ಈ ರೋಗವಾದರೋ ಜೀವನಪರ್ಯಂತ. ಸಣ್ಣ ವ್ಯಾಪಾರಿಗೆ ಆ 91 ದಿನವೂ ಇಲ್ಲ. ನಾಳೆಯ ಕೂಲಿ ಉಳಿದೀತೇ ಎಂದು ತಿಳಿಯದವನಿಗೆ "ಆಶಾವಾದಿಯಾಗು" ಎನ್ನುವುದು ಗಾಯದ ಮೇಲೆ ಉಪ್ಪು ಸವರಿದಂತೆ.

ಆದ್ದರಿಂದ ನಾವು ಕೇಳುವುದಿಷ್ಟೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಇ.ಎಸ್.ಐ. ಆಸ್ಪತ್ರೆಗಳಲ್ಲೂ ಇಂಥ ರೋಗಿಗಳಿಗೆಂದು ವಾರಕ್ಕೊಂದು ದಿನವಿರಲಿ. ಔಷಧದ ಜೊತೆಗೆ ಆ ಐದು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರವೂ ದೊರೆಯಲಿ. ಬೆಳಗಿನ ಬಿಗಿತವುಳ್ಳವರಿಗೆ ಎರಡನೆಯ ಪಾಳಿ, ಹಗುರ ಕೆಲಸ ಸಿಗಲಿ. ಕಾರ್ಮಿಕ ಸಂಘಗಳು ಇದನ್ನು ಬೇಡಿಕೆಯ ಪಟ್ಟಿಯಲ್ಲಿ ಸೇರಿಸಲಿ. ವರ್ತಕರ ಸಂಘಗಳೂ ಕೈಜೋಡಿಸಲಿ.

ಬೆರಳು ಬಿಗಿದು ಆರು ವಾರ ಕಳೆದಿದ್ದರೆ, ಓದುಗರೇ, ಸಹಿಸಿಕೊಂಡು ಕೂರಬೇಡಿ. ಈ ರೋಗ ಪೂರ್ತಿ ವಾಸಿಯಾಗದು. ಆದರೆ ಬೇಗ ಹಿಡಿದರೆ ಹತೋಟಿಗೆ ಬರುತ್ತದೆ. ಇದನ್ನು ತಿಳಿದುಕೊಳ್ಳುವುದು ನಿಮ್ಮ ಹಕ್ಕು. ತಿಳಿಸಿಕೊಡುವುದು ಆಸ್ಪತ್ರೆಯ ಕರ್ತವ್ಯ.